ಕೆಲಸ ಬಂದರೆ ಸಾಲದು, ಕಂಪನಿ ಒಗ್ಗಬೇಕು

ತಮ್ಮಾ, ಭದ್ರಾವತಿಯಿಂದ ನೀನು ಬರೆದದ್ದು ಓದಿದೆ. ಜರ್ಮನಿಯ ಎರಡು ಕಂಪನಿಗಳಿಂದ ಆಫರ್ ಬಂದಿದೆ, ಒಂದು ಹಳೆಯ ದೊಡ್ಡ ಕಂಪನಿ, ಇನ್ನೊಂದು ಸಣ್ಣ ಸ್ಟಾರ್ಟಪ್, ಸಂಬಳ ಹೆಚ್ಚುಕಡಿಮೆ ಒಂದೇ, ಎಲ್ಲಿಗೆ ಹೋದರೆ ನೆಮ್ಮದಿಯಾಗಿ ಇರಬಹುದು ಅಕ್ಕಾ ಅಂತ ಕೇಳಿದ್ದೀಯ. ಅಪ್ಪೆಮಿಡಿ ಉಪ್ಪಿನಕಾಯಿ ತರಬಹುದಾ ಅಂತಲೂ ಕೇಳಿದ್ದೀಯ. ಸುಲಭದ್ದು ಮೊದಲು ಮುಗಿಸ್ತೀನಿ. ಉಪ್ಪಿನಕಾಯಿ ಧಾರಾಳವಾಗಿ ತಾ. ಅಮ್ಮ ಕಾಯಿಸಿದ ತುಪ್ಪ ಬೇಡ, ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ.

ಚಳಿ, ಬಾಡಿಗೆ ಮನೆ, ಭಾಷೆ ಇವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಂಪನಿಯ ಸ್ವಭಾವದ ಬಗ್ಗೆ ಯಾರೂ ಹೇಳುವುದಿಲ್ಲ. ನಾನು ಕಂಡಂತೆ, ಇಲ್ಲಿಂದ ಬೇಸತ್ತು ವಾಪಸ್ ಹೋದವರಲ್ಲಿ ಕೆಲಸ ಬಾರದವರು ಕಡಿಮೆ, ಕಂಪನಿ ಒಗ್ಗದವರೇ ಜಾಸ್ತಿ.

ಇದರ ಮೇಲೆ ಸಂಶೋಧನೆಯೂ ಬೇಕಾದಷ್ಟು ನಡೆದಿದೆ. 2005ರಲ್ಲಿ ಏಮಿ ಕ್ರಿಸ್ಟಾಫ್-ಬ್ರೌನ್ ಅನ್ನುವ ಸಂಶೋಧಕಿ ಮತ್ತು ಅವರ ಇಬ್ಬರು ಸಂಗಡಿಗರು 172 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಸಂಸ್ಥೆಯ ರೀತಿನೀತಿ ಯಾರಿಗೆ ಹೊಂದುತ್ತದೋ ಅವರಿಗೆ ಕೆಲಸದಲ್ಲಿ ತೃಪ್ತಿ ಜಾಸ್ತಿ, ಸಂಸ್ಥೆಯ ಮೇಲೆ ಅಭಿಮಾನ ಜಾಸ್ತಿ, ಬಿಟ್ಟುಹೋಗುವ ಯೋಚನೆ ಕಡಿಮೆ. ಆದರೆ ಕೆಲಸ ಎಷ್ಟು ಚೆನ್ನಾಗಿ ಮಾಡುತ್ತಾರೆ ಅನ್ನುವುದಕ್ಕೂ ಇದಕ್ಕೂ ನಂಟು ತೀರಾ ತೆಳು.

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಹೊಂದದ ಕಂಪನಿಯಲ್ಲೂ ನೀನು ಕೆಲಸ ಚೆನ್ನಾಗಿಯೇ ಮಾಡಬಹುದು. ಮ್ಯಾನೇಜರ್ ಹೊಗಳಬಹುದು. ನಿನಗೆ ಮಾತ್ರ ಭಾನುವಾರ ಸಂಜೆಯಿಂದಲೇ ಮನಸ್ಸು ಮಂಕು. ಊರಿಗೆ ಫೋನ್ ಮಾಡಿ ಹೇಳಿದರೆ, 'ಸಂಬಳ ಬರ್ತಿದೆ ಅಲ್ವಾ, ಮತ್ತೇನೋ ನಿಂದು?' ಅಂತಾರೆ. ಆಗ ತಪ್ಪನ್ನು ದೇಶದ ತಲೆಗೆ ಕಟ್ಟಿ, ಜರ್ಮನಿಯೇ ನನಗೆ ಆಗಿಬರಲಿಲ್ಲ ಅಂದುಕೊಳ್ಳುತ್ತೀಯ. ದೇಶವೂ ಹೊಸದು, ಕಂಪನಿಯೂ ಹೊಸದು. ಯಾವುದು ಚುಚ್ಚುತ್ತಿದೆ ಅಂತ ಅಷ್ಟು ಬೇಗ ಗೊತ್ತಾಗುವುದಿಲ್ಲ.

ನನ್ನ ಮೊದಲ ಕಂಪನಿಯಲ್ಲಿ ಬೋನಸ್ ಪೂರ್ತಿ ಒಬ್ಬೊಬ್ಬರ ಲೆಕ್ಕದ ಮೇಲೆ. ಪಕ್ಕದವನಿಗೆ ಅರ್ಧ ಗಂಟೆ ಸಹಾಯ ಮಾಡಿದರೆ ಅದು ನನ್ನ ನಷ್ಟ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಕೊಯ್ಲಿನಲ್ಲಿ ಇವತ್ತು ನಮ್ಮನೆ ಅಡಿಕೆ ಸುಲಿದರೆ ನಾಳೆ ಅವರ ಮನೆಯದು, ಹಾಗೆ ಮುಯ್ಯಾಳು ನೋಡಿ ಬೆಳೆದವಳು. ನನಗೆ ಆ ಆಫೀಸು ಒಗ್ಗಲೇ ಇಲ್ಲ. ಇಲ್ಲಿನವರು ಮೀಟಿಂಗಿನಲ್ಲಿ ಎಲ್ಲರ ಎದುರಿಗೇ 'ಇದು ತಪ್ಪು' ಅಂದುಬಿಡುತ್ತಾರೆ. ಮಲೆನಾಡಿನವರಿಗೆ ಅದೇ ಕಷ್ಟ ಅಂತ ಹೆದರಿಸುವವರಿದ್ದಾರೆ. ನನಗೆ ಅದು ಇಷ್ಟವೇ ಆಯಿತು, ಸುಮ್ನೆ ಸುತ್ತಿಬಳಸುವುದಿಲ್ಲವಲ್ಲ! ಆಮೇಲೆ ಕಂಪನಿ ಬದಲಿಸಿದೆ. ಅದೇ ಊರು, ಅದೇ ಮನೆ, ಅದೇ ಚಳಿ. ವಾಪಸ್ ಹೋಗುವ ಮಾತು ನಿಂತುಹೋಯಿತು.

ನಿಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು ಅಂದೆಯಲ್ಲ. 1918ರಲ್ಲಿ ಹುಟ್ಟಿದ ಆ ಕಾರ್ಖಾನೆ ಭದ್ರಾವತಿಗೆ ಕೂಲಿಯನ್ನಷ್ಟೇ ಅಲ್ಲ, ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲ ಕೊಟ್ಟಿತು. ಅಲ್ಲಿ ಬೆಳೆದವರಿಗೆ ಕಂಪನಿ ಅಂದರೆ ಹೀಗಿರಬೇಕು ಅನ್ನುವ ಒಂದು ಅಳತೆ ಒಳಗೇ ಕೂತಿರುತ್ತದೆ. ಹಳೆಯ ಜರ್ಮನ್ ಕಂಪನಿಗಳು ಆ ಅಳತೆಗೆ ಹತ್ತಿರ. ನಿಯಮ ಜಾಸ್ತಿ, ಬದಲಾವಣೆ ನಿಧಾನ, ಕೆಲಸಗಾರರೇ ಆರಿಸಿದ ಮಂಡಳಿಯ ಮಾತಿಗೆ ಬೆಲೆ ಇರುತ್ತದೆ. ಸ್ಟಾರ್ಟಪ್‌ನಲ್ಲಿ ಇವತ್ತಿನ ಯೋಜನೆ ನಾಳೆ ಇಲ್ಲ. ಅದೇ ಖುಷಿ ಅನ್ನುವವರೂ ಇದ್ದಾರೆ. ಆದರೆ ಆ ಅಳತೆ ನಿನ್ನದಾ, ಅಪ್ಪನದಾ? ಅದನ್ನು ಮೊದಲು ಯೋಚಿಸು.

ಹೊಂದಾಣಿಕೆ ಪೂರ್ತಿ ಹುಟ್ಟಿನಿಂದ ಬರುವುದೂ ಅಲ್ಲ. ಜೆನಿಫರ್ ಚಾಟ್‌ಮನ್ ಅನ್ನುವ ಸಂಶೋಧಕಿ ಅಮೆರಿಕದ ಲೆಕ್ಕಪರಿಶೋಧನೆಯ ಕಂಪನಿಗಳಿಗೆ ಹೊಸದಾಗಿ ಸೇರಿದವರ ಮೇಲೆ ಮಾಡಿದ ಅಧ್ಯಯನ 1991ರಲ್ಲಿ ಬಂತು. ಹಿರಿಯರ ಜೊತೆ ಒಡನಾಡಿದವರು, ಕಂಪನಿಯ ಕೂಟಗಳಿಗೆ ಹೋದವರು ಬರಬರುತ್ತಾ ಹೆಚ್ಚು ಹೊಂದಿಕೊಂಡಿದ್ದರು. ಅದಕ್ಕೇ ನನ್ನ ಕೇಳಿದರೆ, ಮೊದಲ ಸಲಕ್ಕೆ ಜೊತೆಯಲ್ಲಿ ಕೂತು ಹೇಳಿಕೊಡುವ ಹಿರಿಯರು ಎಲ್ಲಿದ್ದಾರೋ ಅಲ್ಲಿಗೆ ಹೋಗು.

ಸಹಿ ಹಾಕುವ ಮುಂಚೆ ಇಬ್ಬರು ಮ್ಯಾನೇಜರ್‌ಗಳನ್ನೂ ಕೇಳು. ಕಳೆದ ವರ್ಷ ಟೀಮ್ ಬಿಟ್ಟವರು ಯಾಕೆ ಬಿಟ್ಟರು? ಕೆಲಸ ಕೆಟ್ಟಾಗ ಏನು ಮಾಡುತ್ತೀರಿ? ಬೋನಸ್ ಯಾರ ಲೆಕ್ಕದ ಮೇಲೆ? ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳು, ಆಗ 2 ವಾರದ ನೋಟಿಸಿನಲ್ಲಿ ಅವರೂ ಬಿಡಿಸಬಹುದು, ನೀನೂ ಬಿಡಬಹುದು. ನಿನ್ನದು ಬ್ಲೂ ಕಾರ್ಡ್, ಅಂದರೆ ಹೊರದೇಶದ ಓದಿದವರಿಗೆ ಕೊಡುವ ಕೆಲಸದ ಪರವಾನಗಿ ಆದರೆ, ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸುವಾಗ ವಲಸೆ ಕಚೇರಿಗೆ ತಿಳಿಸಲೇಬೇಕು, ಮರೀಬೇಡ. ಮ್ಯಾನೇಜರ್‌ಗಳು ಏನಂದರು ಅಂತ ಬರಿ.