ಸೈನಸ್‌ನಲ್ಲಿನ ರಕ್ತದ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಮೂಳೆ ಏಕೆ ಸವೆಯುತ್ತದೆ? ಚಿಕಿತ್ಸೆ ಏನು?

ಒತ್ತಡದಿಂದ. ಕೆನ್ನೆಯ ಸೈನಸ್‌ನಲ್ಲಿ (ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳಿನಲ್ಲಿ) ಸೋರಿದ ರಕ್ತ ಹೊರಹೋಗಲು ದಾರಿಯಿಲ್ಲದೆ ಹೆಪ್ಪುಗಟ್ಟಿದಾಗ ಸುತ್ತ ನಾರಿನಂಥ ಪೊರೆ ಬೆಳೆಯುತ್ತದೆ. ಪೊರೆ ಅಡ್ಡವಿರುವುದರಿಂದ ದೇಹ ಆ ರಕ್ತವನ್ನು ಹೀರಿಕೊಳ್ಳಲಾರದು. ಒಳಗೆ ಹುಟ್ಟುವ ನಾಜೂಕಾದ ಹೊಸ ರಕ್ತನಾಳಗಳು ಮತ್ತೆ ಮತ್ತೆ ಸೋರುತ್ತವೆ. ಗಡ್ಡೆ ಹಿಗ್ಗುತ್ತಾ ತೆಳುವಾದ ಮೂಳೆಯನ್ನು ಒತ್ತಿ ಸವೆಸುತ್ತದೆ. ಸಿ.ಟಿ. ಸ್ಕ್ಯಾನ್ ನೋಡಿದಾಗ ಮೊದಲು ಕ್ಯಾನ್ಸರಿನ ಅನುಮಾನ ಬರುವುದು ಇದಕ್ಕೇ. ಎಂ.ಆರ್.ಐ.ನಲ್ಲಿ ಹಳೆಯ-ಹೊಸ ರಕ್ತ ಬೆರೆತ ಒಳಭಾಗ, ಸುತ್ತ ಕಪ್ಪು ಅಂಚು ಕಂಡರೆ ಸುಳಿವು ಸಿಗುತ್ತದೆ. ಖಚಿತವಾಗುವುದು ಮಾತ್ರ ಹೊರತೆಗೆದ ಗಡ್ಡೆಯನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದ ಮೇಲೆ.

ಮಾತ್ರೆಗೆ ಇದು ಕರಗದು. ಸಾಮಾನ್ಯವಾಗಿ ಮೂಗಿನ ಮೂಲಕವೇ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳುವಾದ ಕೊಳವೆ) ಹಾಕಿ ಪೂರ್ತಿ ತೆಗೆಯುತ್ತಾರೆ, ಮರುಕಳಿಸುವುದು ಅಪರೂಪ. ಒಂದೇ ಹೊಳ್ಳೆ ಕಟ್ಟಿಕೊಂಡು ಪದೇ ಪದೇ ರಕ್ತ ಬರುತ್ತಿದ್ದರೆ ದಯವಿಟ್ಟು ತಡಮಾಡದೆ ಇ.ಎನ್.ಟಿ. ವೈದ್ಯರಿಗೆ ತೋರಿಸಿ.