ಬ್ರಾಕೆಟ್ ಒಳಗೆ ಬರೆದೆಯಲ್ಲ, ಅದೇ ನಿನ್ನ ವಿಷಯ

ತಂಗಿ, ನಿನ್ನ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ. ಓದುಗರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಈಕೆ ಮಳವಳ್ಳಿ ಕಡೆಯ ಹುಡುಗಿ. ಅಮೆರಿಕದ ಒಂದು ಕಾಲೇಜಿನಲ್ಲಿ ಧರ್ಮಗಳ ಅಧ್ಯಯನದಲ್ಲಿ ಬಿ.ಎ. ಮಾಡುತ್ತಿದ್ದಾಳೆ, ಇದು ಕೊನೆಯ ವರ್ಷ. ಐವತ್ತು ಪುಟದ ಥೀಸಿಸ್ ಬರೆಯಬೇಕು. ಕೈಯಲ್ಲಿ ಮೂರು ವಿಷಯಗಳಿವೆ: ಬಸವಣ್ಣ ಮತ್ತು ಸಮಾನತೆ, ಅಕ್ಕಮಹಾದೇವಿ ಮತ್ತು ಮೀರಾಬಾಯಿ, ಅಮೆರಿಕದಲ್ಲಿ ಯೋಗ. ಅಪ್ಪನಿಗೆ ಮೊದಲನೆಯದು ಇಷ್ಟ, ಗೈಡ್‌ಗೆ ಎರಡನೆಯದು. ಈಕೆಗೆ ಯಾವುದೂ ಬೇಡ. ನಿದ್ದೆ ಬರುತ್ತಿಲ್ಲ, ಈ ಓದಿಗೇ ನಾನು ಲಾಯಕ್ಕಿಲ್ಲ ಅನ್ನಿಸುತ್ತಿದೆ ಅಂತ ಬರೆದಿದ್ದಾಳೆ.

ಪತ್ರದ ಕೊನೆಗೆ, ಬ್ರಾಕೆಟ್ ಒಳಗೆ, ಒಂದು ಸಾಲು. ನಮ್ಮ ಕಡೆಯ ಜನಪದ ದೈವ ಸಿದ್ದಪ್ಪಾಜಿ ಬಗ್ಗೆ, ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ನಡೆಯುವ ಅವರ ಜಾತ್ರೆ ಬಗ್ಗೆ. 'ನಮ್ಮಜ್ಜಿ ಸಿದ್ದಪ್ಪಾಜಿ ಒಕ್ಕಲು, ಪ್ರತಿ ಜನವರಿ ಚಿಕ್ಕಲ್ಲೂರಲ್ಲಿ ಬಿಡಾರ ಹೂಡಿ ಪಂಕ್ತಿಸೇವೆ ಮಾಡ್ತಾರೆ, ಆದ್ರೆ ಅಂಥದ್ದನ್ನೆಲ್ಲ ಥೀಸಿಸ್‌ಗೆ ತರೋಕಾಗಲ್ಲ ಬಿಡಿ.'

ಯಾಕೆ ಆಗಲ್ಲ? ಆ 'ಬಿಡಿ' ನಿನ್ನದಲ್ಲ, ನಿನ್ನ ಚಿಕ್ಕಪ್ಪನದು ಅಂತ ನನ್ನ ಅನುಮಾನ. 'ಮಾಂಸ ಬೇಯಿಸೋ ಜಾತ್ರೆ ವಿಷ್ಯ ಪ್ರೊಫೆಸರ್ ಮುಂದೆ ಎತ್ಬೇಡ, ಮರ್ಯಾದೆ ಹೋಗುತ್ತೆ' ಅಂದಿದ್ದು ಅವರೇ ಅಂತ ನೀನೇ ಬರೆದಿದ್ದೀಯ. ನಿನ್ನ ಗೈಡ್ ಮೇಲೆ ನನಗೆ ಬೇಸರವಿಲ್ಲ, ಅವರಿಗೆ ಯಾರೂ ಹೇಳೇ ಇಲ್ಲ. ಚಿಕ್ಕಪ್ಪನ ಮೇಲೆ ಮಾತ್ರ ಸಿಟ್ಟು ಬಂದಿದೆ. ಅದೇ ಪಂಕ್ತಿಯಲ್ಲಿ ಕೂತು ಉಂಡು ಬೆಳೆದವರು ಹೀಗೆ ಹೇಳಬಾರದಿತ್ತು. ಧರ್ಮ ಅಂದರೆ ಬರೀ ಗ್ರಂಥ ಅಲ್ಲ, ಒಲೆ ಹತ್ತಿರ ನಡೆಯುವುದೂ ಧರ್ಮವೇ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಆ ಒಂದು ಸಾಲಿನಲ್ಲಿ ಏನೇನಿದೆ ನೋಡು. ಚಿಕ್ಕಲ್ಲೂರು ಜಾತ್ರೆ ಐದು ದಿನ, ಬಿದಿರಿನ ಚಂದ್ರಮಂಡಲ ಕಟ್ಟಿ ಅದಕ್ಕೆ ಬೆಂಕಿ ಹಚ್ಚುವುದರಿಂದ ಶುರು. ನಾಲ್ಕನೇ ದಿನ ಪಂಕ್ತಿಸೇವೆ. ಜನ ಬಿಡಾರಗಳಲ್ಲೇ ಅಡುಗೆ ಮಾಡಿ, ಎಡೆ ಇಟ್ಟು, ಜಾತಿ ನೋಡದೆ ಸಾಲಾಗಿ ಕೂತು ಊಟ ಮಾಡುತ್ತಾರೆ. ರಾಜ್ಯದಲ್ಲಿ 1959ರ ಪ್ರಾಣಿಬಲಿ ತಡೆ ಕಾಯ್ದೆ ಇದೆ, ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವಂತಿಲ್ಲ. ಅದೇ ಕಾಯ್ದೆ ಇಟ್ಟುಕೊಂಡು ಜಿಲ್ಲಾಡಳಿತ ಜಾತ್ರೆಗೆ ಬರುವ ಕುರಿ ಕೋಳಿಗಳನ್ನು ತಡೆಯುತ್ತೆ. ಒಕ್ಕಲಿನವರು ನಾವು ಕೊಡೋದು ಬಲಿ ಅಲ್ಲ, ಇದು ನಮ್ಮ ಊಟ, ನಮ್ಮ ಸೇವೆ ಅನ್ನುತ್ತಾರೆ. ಒಂದೇ ಮಾಂಸ. ಅದು ಬಲಿಯೋ ಊಟವೋ ಅಂತ ತೀರ್ಮಾನ ಮಾಡೋರು ಯಾರು, ಅಧಿಕಾರಿಯೋ ನಿನ್ನ ಅಜ್ಜಿಯೋ? ಧರ್ಮಗಳ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೇ ಪ್ರಶ್ನೆ ನನಗಂತೂ ಕಾಣುತ್ತಿಲ್ಲ.

ಅಪ್ಪನ ಬಸವಣ್ಣನೂ ಇಲ್ಲಿ ತಪ್ಪಿಹೋಗಲ್ಲ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿ. ಈ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ ಕೇಳಿದ್ದೀಯಲ್ಲ? ಅದರಲ್ಲಿ ಧರೆಗೆ ದೊಡ್ಡವರು, ಅಂದರೆ ಮಂಟೇಸ್ವಾಮಿ, ಹೊಲಸು ವೇಷ ಹಾಕಿಕೊಂಡು ಕಲ್ಯಾಣದ ಬಾಗಿಲಿಗೇ ಬಂದು, ಅಲ್ಲಿನ ಶರಣರನ್ನು ಪರೀಕ್ಷೆ ಮಾಡುತ್ತಾರೆ. ಸಮಾನತೆಯ ಊರು ಅಂತ ನಿನ್ನಪ್ಪ ಹೇಳುವ ಆ ಕಲ್ಯಾಣವನ್ನೇ ಈ ಹಾಡು ಪ್ರಶ್ನೆ ಮಾಡುತ್ತೆ. ಅದೇ ಕಾವ್ಯದಲ್ಲಿ ಸಿದ್ದಪ್ಪಾಜಿ ಗುರುವಿಗಾಗಿ ಕಬ್ಬಿಣದ ಭಿಕ್ಷೆಗೆ ಹೋದ ಹಲಗೂರು ನಿನ್ನ ತಾಲೂಕಿನಲ್ಲೇ ಇದೆ.

ವಚನದ ಮೇಲೆ ಬರೆಯಬೇಡ ಅಂತಲ್ಲ. ಆದರೆ ರಾಜ್ಯ ಸರ್ಕಾರ ತಂದ ಸಮಗ್ರ ವಚನ ಸಂಪುಟಗಳೇ 15 ಇವೆ, ಅದರ ಮೇಲೆ ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ. 'ಬಸವಣ್ಣ ಮತ್ತು ಸಮಾನತೆ' ಅಂತ ಐವತ್ತು ಪುಟ ಬರೆದರೆ ಎಲ್ಲರೂ ಹೇಳಿದ್ದನ್ನೇ ನೀನೂ ಹೇಳುತ್ತೀಯ, ಅಷ್ಟೇ. ಅಕ್ಕ ಮತ್ತು ಮೀರಾ ನಡುವೆ ಸುಮಾರು ನಾನೂರು ವರ್ಷ, ಎರಡು ಭಾಷೆ. ಬಿ.ಎ. ಕೊನೆಯ ವರ್ಷದಲ್ಲಿ ಅದು ಭಾರ ಜಾಸ್ತಿ. ಯೋಗದ ಬಗ್ಗೆ ನಿನ್ನ ಪತ್ರದಲ್ಲಿ ಒಂದೇ ಸಾಲಿದೆ, ಅದನ್ನು ಸುಮ್ನೆ ಬಿಟ್ಟುಬಿಡು. ಥೀಸಿಸ್‌ಗೆ ಮೊದಲು ಬೇಕಾದದ್ದು ಹೆಸರಲ್ಲ, ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ.

ಮಾಡಬೇಕಾದದ್ದು ಒಂದೇ ಕೆಲಸ. ಈ ಭಾನುವಾರ ಅಜ್ಜಿಗೆ ಫೋನ್ ಮಾಡು. ಮೊಮ್ಮಗಳಾಗಿ ಕೇಳು: ಅಜ್ಜಿ, ಬಿಡಾರದಲ್ಲಿ ಮೊದಲು ಏನು ಮಾಡ್ತೀಯ, ಮೊದಲ ಎಡೆ ಯಾರಿಗೆ, ಪಂಕ್ತೀಲಿ ಪಕ್ಕ ಯಾರು ಕೂರ್ತಾರೆ, ಪೊಲೀಸರು ತಡೆದ ವರ್ಷ ಏನು ಮಾಡಿದ್ರಿ? ಮಧ್ಯೆ ಬಾಯಿ ಹಾಕಬೇಡ. ಆಮೇಲೆ ಕೂತು ಒಂದು ಪುಟ ಬರೆದು ಗೈಡ್‌ಗೆ ಕೊಡು. ಅಜ್ಜಿಯ ಮಾತನ್ನು ಥೀಸಿಸ್‌ನಲ್ಲಿ ಬಳಸಲು ಸಂಶೋಧನೆಯ ನೈತಿಕತೆ ನೋಡುವ ಕಾಲೇಜಿನ ಸಮಿತಿಯ ಒಪ್ಪಿಗೆ ಬೇಕಾಗಬಹುದು. ಅದು ಕೈಸೇರಲು ವಾರಗಳೇ ಹಿಡಿಯುತ್ತವೆ, ಹಾಗಾಗಿ ಗೈಡ್ ಹತ್ತಿರ ಅದನ್ನು ಮೊದಲ ದಿನವೇ ಕೇಳು.

ಅಜ್ಜಿಯ ಒಪ್ಪಿಗೆ ಅದಕ್ಕಿಂತ ಮುಖ್ಯ. 'ಬರೀಬೇಡ ಮಗ' ಅಂದರೆ ಬರೆಯಬೇಡ. ಆಗಲೂ ದಾರಿ ಇದೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿ ಕಾವ್ಯವನ್ನು ಅಚ್ಚು ಹಾಕಿಸಿದೆ. ಅದರ ಕಲ್ಯಾಣದ ಭಾಗ ಒಂದನ್ನೇ ಹಿಡಿದು ಬರೆ. ಕನ್ನಡ ಓದಲು ಬರುವ ನಿನ್ನಂಥವರು ನಿನ್ನ ತರಗತಿಯಲ್ಲಿ ಇನ್ನೊಬ್ಬರು ಸಿಗುವುದು ಕಷ್ಟ. ಚಿಕ್ಕಪ್ಪನಿಗೆ ಮಾತ್ರ ಥೀಸಿಸ್ ಒಪ್ಪಿಸುವ ತನಕ ಏನೂ ಹೇಳಬೇಡ.