ಪ್ರತಿ: 2005–06ರ ಸೆರೀ ಆ ಅಂಕಪಟ್ಟಿ ಏಕೆ ತಾಳೆಯಾಗುತ್ತಿಲ್ಲ?

ಇಟಲಿಯ ಅಗ್ರ ಫುಟ್‌ಬಾಲ್ ಲೀಗ್ ಆದ ಸೆರೀ ಆ ಪಂದ್ಯಗಳ ಫಲಿತಾಂಶಗಳನ್ನು ನಿಮ್ಮ ಹಾಳೆಯಲ್ಲಿ (ಸ್ಪ್ರೆಡ್‌ಶೀಟ್) ಕೂಡಿದಾಗ ಯುವೆಂಟಸ್‌ಗೆ 91 ಅಂಕ ಬಂದರೂ ಪ್ರಕಟಿತ ಪಟ್ಟಿಯಲ್ಲಿ 76 ಅಂಕಗಳ ಇಂಟರ್ ಚಾಂಪಿಯನ್ ಆಗಿರುವುದಕ್ಕೆ ಬಹುಶಃ ನಿಮ್ಮ ಲೆಕ್ಕ ಕಾರಣವಲ್ಲ. ರೆಫರಿಗಳ ನೇಮಕದ ಮೇಲೆ ಕ್ಲಬ್‌ಗಳು ಪ್ರಭಾವ ಬೀರಿದ 2006ರ ‘ಕಾಲ್ಚೋಪೊಲಿ’ ಹಗರಣದ ಶಿಕ್ಷೆಗಳು ಪಂದ್ಯಗಳ ಫಲಿತಾಂಶದಲ್ಲಿ ಕಾಣುವುದಿಲ್ಲ.

ಮೊದಲು ಮಿಲಾನ್ (88), ಫಿಯೊರೆಂಟಿನಾ (74) ಮತ್ತು ಲಾಟ್ಸಿಯೊ (62) ತಂಡಗಳಿಂದ ತಲಾ 30 ಅಂಕ ಕಳೆಯಿರಿ. ಆಗ 58, 44, 32 ಉಳಿಯದಿದ್ದರೆ ಯಾವುದೋ ಪಂದ್ಯ ಬಿಟ್ಟುಹೋಗಿರಬಹುದು. ಪ್ರತಿ ತಂಡಕ್ಕೂ 38 ಪಂದ್ಯಗಳಿವೆಯೇ ಎಂದು ಎಣಿಸಿ ನೋಡಿ. ಬಳಿಕ ಯುವೆಂಟಸ್ ತಂಡವನ್ನು, ಅಂಕ ಕಡಿತದಿಂದಲ್ಲ, ನೇರವಾಗಿಯೇ 20ನೆಯ ಸ್ಥಾನಕ್ಕೆ ಇಳಿಸಿ, ಏಕೆಂದರೆ ಅದನ್ನು ಎರಡನೆಯ ದರ್ಜೆಯ ಲೀಗ್ ಆದ ಸೆರೀ ಬಿಗೆ ತಳ್ಳಲಾಯಿತು. ಹೀಗಾಗಿ ಮೈದಾನದಲ್ಲಿ ಹಿಂಬಡ್ತಿಗೆ ಗುರಿಯಾಗಿದ್ದ ಮೆಸ್ಸಿನಾ 31 ಅಂಕಗಳೊಂದಿಗೆ 17ನೆಯದಾಗಿ ಉಳಿದುಕೊಂಡಿತು. ಲಾಟ್ಸಿಯೊ ಅದಕ್ಕಿಂತ ಒಂದೇ ಅಂಕ ಮೇಲಿತ್ತು.

ಪಾರ್ಮಾ ಮತ್ತು ಎಂಪೊಲಿ ತಲಾ 45 ಅಂಕಗಳಲ್ಲಿ ಸಮನಾಗುತ್ತವೆ. ಅಲ್ಲಿ ನಿಮ್ಮ ಕ್ರಮ ಬೇರೆಯಾಗಿದ್ದರೆ, ಗೋಲುಗಳ ಅಂತರಕ್ಕಿಂತ ಮೊದಲು ಆ ಎರಡು ತಂಡಗಳ ಪರಸ್ಪರ ಪಂದ್ಯಗಳನ್ನು ನೋಡಬೇಕು.

ನಿಮ್ಮ ಹಾಳೆಯನ್ನು ನೋಡದೆ ಖಚಿತವಾಗಿ ಹೇಳಲಾರೆನಾದರೂ, ಫಿಯೊರೆಂಟಿನಾ 29 ಅಂಕ ತೋರಿಸುತ್ತಿದ್ದರೆ 2006–07ರ 15 ಅಂಕಗಳ ಕಡಿತವೂ ಇದೇ ಕಾಲಮ್ಮಿಗೆ ಸೇರಿದೆ. ಅದನ್ನು ಮುಂದಿನ ಋತುವಿನ ಹಾಳೆಗೆ ವರ್ಗಾಯಿಸಿ.